ಮೊಳಕಾಲೆತ್ತರದ ಗುಲಾಬಿ

ಕಟಿಂಗ್ ಮಾಸ್ಟರ್ ತಮ್ಮ ಜೀವಮಾನದಲ್ಲಿ ಒಂದು ಬಟ್ಟೆಯನ್ನೂ ತಪ್ಪಾಗಿ ಕತ್ತರಿಸಿದವರಲ್ಲ. ಇದು ಅವರೇ ಹೇಳಿಕೊಂಡ ಮಾತು, ಇದಕ್ಕೆ ಎದುರಾಡುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಅಂಗಿ ಕುತ್ತಿಗೆಗೆ ಬಿಗಿಯಾದರೆ ಗಿರಾಕಿಯ ಕುತ್ತಿಗೆ ದಪ್ಪಗಾಗಿದೆ ಎಂದು ಅರ್ಥ. ಪ್ಯಾಂಟು ಗಿಡ್ಡವಾದರೆ ಅದು ಒಗೆದವರ ತಪ್ಪು. ಒಂದು ತೋಳು ಉದ್ದ, ಇನ್ನೊಂದು ಗಿಡ್ಡ ಆಯಿತೋ, ಮಾಸ್ಟರ್ ಗಿರಾಕಿಯನ್ನು ಅಂಗಡಿಯ ನಿಲುಗನ್ನಡಿಯ ಮುಂದೆ ನಿಲ್ಲಿಸಿ, ಎರಡೂ ಹೆಗಲು ಹಿಡಿದು, ಡಾಕ್ಟರರ ಹಾಗೆ ದನಿ ತಗ್ಗಿಸುತ್ತಿದ್ದರು. "ಇಷ್ಟು ದಿನ ನಿಮಗೆ ಯಾರೂ ಹೇಳಿಲ್ವಾ? ನಿಮ್ಮ ಬಲ ಹೆಗಲು ಸ್ವಲ್ಪ ಇಳಿದಿದೆ. ಗಾಬರಿ ಆಗ್ಬೇಡಿ, ಎಷ್ಟೋ ಜನಕ್ಕೆ ಇರುತ್ತೆ." ಬಂದವನು ತೋಳಿನ ಮಾತು ಮರೆತು, ಬಲ ಹೆಗಲನ್ನು ಏರಿಸಿಕೊಂಡು ಮನೆಗೆ ಹೋಗುತ್ತಿದ್ದ.

ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷರ ಕೋಟಿನ ಕಥೆಯೂ ಇದೇ. ಮಗಳ ಮದುವೆಗೆಂದು ಹೊಲಿಸಿದ ಕಡುನೀಲಿ ಕೋಟು ಹೊಟ್ಟೆಯ ಮೇಲೆ ಬಂದು ನಿಂತುಬಿಟ್ಟಿತು, ಗುಂಡಿ ಕಾಜಾಕ್ಕೆ ಸಿಗಲೇ ಇಲ್ಲ. ಮಾಸ್ಟರ್ ಟೇಪನ್ನು ಅವರ ಸೊಂಟಕ್ಕೆ ಸುತ್ತಿ, ಅಂಕಿ ನೋಡಿ, ತುಟಿಪಿಟಕ್ಕೆನ್ನದೆ ಟೇಪನ್ನು ಮೆಲ್ಲಗೆ ಸುತ್ತಿ ಜೇಬಿಗೆ ಹಾಕಿಕೊಂಡರು. ಆ ಮೌನಕ್ಕೆ ಹೆದರಿದ ಅಧ್ಯಕ್ಷರು ಅವತ್ತಿನಿಂದ ಸಿಹಿ ಬಿಟ್ಟರು, ಬೆಳಗಿನ ವಾಕಿಂಗ್ ಹಿಡಿದರು, ರಾತ್ರಿಯ ಊಟದಲ್ಲಿ ಸೌತೆಕಾಯಿಗೆ ಬಂದು ಮುಟ್ಟಿದರು. ಮಗಳಿಗೆ ಈಗ ಶಾಲೆಗೆ ಹೋಗುವ ಮಗುವಿದೆ. ಅಧ್ಯಕ್ಷರು ಇನ್ನೂ ನಡೆಯುತ್ತಲೇ ಇದ್ದಾರೆ, ಕೋಟು ಇನ್ನೂ ಕೂಡಿಬಂದಿಲ್ಲ. ಹೀಗೆ ಬೀದಿಯ ಪ್ರತಿಯೊಂದು ಸೊಂಟವೂ ಮಾಸ್ಟರಿಗೆ ಬಾಯಿಪಾಠವಾಗಿದ್ದುದರಿಂದ, ಸಂಘದಲ್ಲಿ ಅವರು ಏನೇ ಹೇಳಲಿ, ಎಲ್ಲರ ಕೈಯೂ ತಾನಾಗಿ ಮೇಲೇಳುತ್ತಿತ್ತು.

ಇಂಥವರ ಮನೆಗೆ ಆ ಗುಲಾಬಿ ಬಂದದ್ದು ಹೆಂಡತಿಯ ಕಡೆಯಿಂದ. ಆಕೆ ಅಂಗಡಿಗೆ ಹೋಗುತ್ತಿರಲಿಲ್ಲ. ಮನೆಯಲ್ಲೇ ಕಿಟಕಿಯ ಪಕ್ಕ ಕೂತು ಅಂಗಿಗಳಿಗೆ ಕಾಜಾ ತೆಗೆದು ಗುಂಡಿ ಹಾಕುತ್ತಿದ್ದಳು. ಆ ಕಿಟಕಿಯಾಚೆ, ಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ, ಉದ್ದಕ್ಕೆ ಒಂದು ಪಟ್ಟಿ ನೆಲವಿತ್ತು. ಪಕ್ಕದ ಮನೆಯ ನರ್ಸಮ್ಮನ ದೊಡ್ಡ ಮರ ಕಾಂಪೌಂಡು ದಾಟಿ ಈಚೆಗೂ ಕೊಂಬೆ ಚಾಚಿ ನಿಂತಿದ್ದರಿಂದ, ಅಲ್ಲಿಗೆ ಬಿಸಿಲು ಬೆಳಗ್ಗೆ ಒಂದು ಸಲ ಇಣುಕಿ, ತಪ್ಪು ಮನೆಗೆ ಬಂದ ನೆಂಟನ ಹಾಗೆ ಹಿಂದಿರುಗಿಬಿಡುತ್ತಿತ್ತು. ಹೊಲಿಗೆಯಿಂದ ತಲೆಯೆತ್ತಿದರೆ ಹೆಂಡತಿಗೆ ಕಾಣುತ್ತಿದ್ದದ್ದು ಬರಿ ಮಣ್ಣು ಮತ್ತು ಪಾಚಿ ಹಿಡಿದ ಗೋಡೆ.

"ರೀ, ನಮ್ಮ ಚಿಕ್ಕಮ್ಮನ ಮನೆ ಹಿಂದೆ ಒಂದು ಗುಲಾಬಿ ಇದೆ ನೋಡಿ, ಅಲ್ಲೂ ಬಿಸಿಲೇ ಬೀಳಲ್ಲ" ಎಂದಳು ಒಂದು ದಿನ. "ಪೊದೆ ಅಂದ್ರೆ ಪೊದೆ, ನನಗಿಂತ ಎತ್ತರ. ವರ್ಷಕ್ಕೊಂದೇ ಸಲ ಬಿಡೋದು, ಆದ್ರೆ ಬಿಟ್ಟಾಗ ಎಲೆನೇ ಕಾಣ್ಸಲ್ಲ. ಅದರದೊಂದು ಸಸಿ ಮಾಡ್ಕೊಂಡು ಬಂದು ಇಲ್ಲಿ ನೆಡ್ತೀನಿ."

"ನಿಮ್ಮ ಚಿಕ್ಕಮ್ಮ ಅದಕ್ಕೆ ಏನು ಆರೈಕೆ ಮಾಡ್ತಾರೆ?"

"ಆರೈಕೆ ಎಲ್ಲಿಂದ ಬಂತು? ಚಿಕ್ಕಮ್ಮ ಮಹಾ ಸೋಮಾರಿ. ಸೋಸಿದ ಟೀ ಪುಡಿ ಅದರ ಬುಡಕ್ಕೆ ಚೆಲ್ಲೋದು ಬಿಟ್ರೆ ಅದರ ತಂಟೆಗೇ ಹೋಗಲ್ಲ."

"ಕತ್ತರಿ?"

"ಯಾವ ಕತ್ತರಿನೂ ಇಲ್ಲ."

ಮಾಸ್ಟರ್ ಮುಖ ಅರಳಿತು. "ಕತ್ತರಿ ಬೀಳದೇನೇ ಅಷ್ಟು ಹೂ ಬಿಡೋ ಗಿಡ, ಕತ್ತರಿ ಬಿದ್ರೆ ಇನ್ನೆಷ್ಟು ಬಿಡಬೇಡ! ಸ್ವಲ್ಪ ಯೋಚನೆ ಮಾಡು" ಎಂದರು. ಹೆಂಡತಿ ಯೋಚನೆ ಮಾಡಿದಳೋ ಇಲ್ಲವೋ, ದಾರವನ್ನು ಹಲ್ಲಿನಲ್ಲಿ ಕಡಿದು ಮುಂದಿನ ಗುಂಡಿಗೆ ಹೋದಳು.

ಗಿಡ ಹತ್ತಿಕೊಂಡಿತು. ಬೂದು ಮಿಶ್ರಿತ ಹಸಿರೆಲೆ, ಮುಳ್ಳು ಕಡಿಮೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಉದ್ದುದ್ದ ಕೊಂಬೆಗಳನ್ನು ಎಸೆದು, ತುದಿ ಬಗ್ಗಿಸಿಕೊಂಡು ಕಿಟಕಿಯ ಸರಳುಗಳವರೆಗೆ ಬಂತು. ಹೆಂಡತಿಗೆ ಸಂತೋಷವೋ ಸಂತೋಷ. ಚಳಿಗಾಲ ಕಾಲಿಟ್ಟಿತು, ಮಾಸ್ಟರೂ ಪಟ್ಟಿ ನೆಲಕ್ಕೆ ಕಾಲಿಟ್ಟರು. ಕುತ್ತಿಗೆಯಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ, ಕೈಯಲ್ಲಿ ಗಿಡದ ಕತ್ತರಿ. ಒಂದೊಂದು ಕೊಂಬೆಯನ್ನೂ ಬುಡದಿಂದ ಅಳೆದು, ಮೊಳಕಾಲೆತ್ತರಕ್ಕೆ ಬಿಳಿ ಗೆರೆ ಎಳೆದು, ಗೆರೆಯ ಮೇಲೇ ಕತ್ತರಿಸಿದರು. ಸಂಜೆಯ ಹೊತ್ತಿಗೆ ಗಿಡ ಮಿಲಿಟರಿಗೆ ಸೇರಿದ ಹುಡುಗನ ತಲೆಯ ಹಾಗೆ ಸಪಾಟಾಗಿತ್ತು.

"ಅಯ್ಯೋ, ಒಂದು ವರ್ಷ ಹಂಗೇ ಬಿಟ್ಟು ನೋಡ್ಬಹುದಿತ್ತು ಕಣ್ರೀ."

"ಬಿಟ್ಟು ನೋಡೋಕೆ ಅದೇನು ಗಡ್ಡಾನಾ? ಕತ್ತರಿಸದೆ ಯಾವುದಕ್ಕೂ ಆಕಾರ ಬರಲ್ಲ."

ಅವರ ಈ ವಿಶ್ವಾಸಕ್ಕೆ ಆಧಾರವಿರಲಿಲ್ಲ ಎಂದು ಹೇಳುವಂತಿಲ್ಲ. ಅಧ್ಯಕ್ಷರ ಮನೆಯ ಮುಂದೆ ಸುಡು ಬಿಸಿಲಲ್ಲಿದ್ದ ಕುಂಡದ ಗುಲಾಬಿಗಳನ್ನು ಮಾಸ್ಟರ್ ಹೀಗೆಯೇ ಬೋಳಿಸಿದ್ದರು. ಅವು ಹೊಸದಾಗಿ ಚಿಗುರಿ, ಚಿಗುರಿನ ತುದಿತುದಿಗೆ ಕೆಂಪು ಕೆಂಪು ಹೂ ಬಿಟ್ಟು ಬೀದಿಯಲ್ಲಿ ಹೋಗಿಬರುವವರನ್ನು ನಿಲ್ಲಿಸಿದ್ದವು. ಸಂಘ ಅವರನ್ನು 'ಉದ್ಯಾನ ಸಲಹೆಗಾರರು' ಎಂದು ಕರೆಯತೊಡಗಿತು. ಗುಲಾಬಿಯ ವಿಷಯದಲ್ಲಿ ಮಾಸ್ಟರ್ ಎತ್ತಿದ ಕೈ ಎಂದು ಪಕ್ಕದ ಬೀದಿಯವರೂ ಕರೆದುಕೊಂಡು ಹೋಗುತ್ತಿದ್ದರು. ಎಲ್ಲರ ಮನೆಯ ಗುಲಾಬಿಯೂ ಮಾಸ್ಟರ್ ಕತ್ತರಿಗೆ ತಲೆಬಾಗಿ ಹೂ ಬಿಟ್ಟಿತು. ಬಿಡದೇ ಉಳಿದದ್ದು ಅವರದೇ ಮನೆಯ ಗುಲಾಬಿ ಒಂದು. ಅದು ಪ್ರತಿ ವರ್ಷ ಕಿಟಕಿಯವರೆಗೆ ಬೆಳೆಯಿತು, ಪ್ರತಿ ಚಳಿಗಾಲದಲ್ಲಿ ಮೊಳಕಾಲಿಗೆ ಇಳಿಯಿತು, ಪ್ರತಿ ಬೇಸಿಗೆಯಲ್ಲಿ ಬರಿ ಎಲೆ ತೋರಿಸಿತು.

ಕತ್ತರಿ ತಪ್ಪಲು ಸಾಧ್ಯವಿಲ್ಲ. ಹಾಗಾದರೆ ತಪ್ಪು ಬೇರೆ ಎಲ್ಲೋ ಇದೆ. ಮೊದಲು ಮಣ್ಣಿನ ಮೇಲೆ ಅನುಮಾನ ಬಂತು. ಮೂಳೆಪುಡಿ ಹಾಕಿದರು, ಬಾಳೆಹಣ್ಣಿನ ಸಿಪ್ಪೆ ಹೂತರು, ಹೂ ಬರಲಿಲ್ಲ. ಆಮೇಲೆ ಚಿಕ್ಕಮ್ಮನ ಮೇಲೆ ಅನುಮಾನ ಬಂತು. ಬೇರೆ ಯಾವುದೋ ಕಾಡುಗಿಡ ಕೊಟ್ಟು ಯಾಮಾರಿಸಿದ್ದಾರೆ ಎಂದು ಹೇಳಿ ಹೆಂಡತಿಯ ಕೈಯಿಂದ ಎರಡು ದಿನ ಬರಿ ಅನ್ನ ತಿಂದರು. ಕೊನೆಗೆ ತಲೆಯೆತ್ತಿ ನೋಡಿದರು. ನರ್ಸಮ್ಮನ ಮರ ಎಲೆ ಅಲ್ಲಾಡಿಸುತ್ತ ನಿಂತಿತ್ತು.

"ಸಿಕ್ಕಿಬಿದ್ದ ಕಳ್ಳ" ಎಂದರು ಮಾಸ್ಟರ್.

ಮೊದಲು ಅವರು ಮರದ ಜೊತೆ ರಾಜಿಗೆ ಪ್ರಯತ್ನಿಸಿದರು ಎಂಬುದನ್ನೂ ಹೇಳಬೇಕು. ಅಂಗಡಿಯ ನಿಲುಗನ್ನಡಿಯನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಬಂದು, ಬಿಸಿಲು ಬೀಳುವ ಮುಂಬಾಗಿಲ ಬಳಿ ಓರೆಯಾಗಿ ನಿಲ್ಲಿಸಿ, ಬಿಸಿಲನ್ನು ಗಿಡದ ಮೇಲೆ ತಿರುಗಿಸಿದರು. ಉಪಾಯ ಚೆನ್ನಾಗಿಯೇ ಇತ್ತು. ಆದರೆ ಸೂರ್ಯ ನಿಂತಲ್ಲಿ ನಿಲ್ಲುವ ಗಿರಾಕಿಯಲ್ಲ. ಮಾಸ್ಟರ್ ಅಂಗಡಿಗೆ ಹೋದ ಮೇಲೆ ಬೆಳಕು ಮೆಲ್ಲಗೆ ಗಿಡ ಬಿಟ್ಟು, ಗೋಡೆ ಹತ್ತಿ, ಬೀದಿ ದಾಟಿ, ಎದುರುಮನೆಯಲ್ಲಿ ಸ್ನಾನ ಮುಗಿಸಿ ಟವೆಲು ಸುತ್ತಿಕೊಂಡು ನಿಂತಿದ್ದ ಅಧ್ಯಕ್ಷರ ಮೇಲೆ ನಾಟಕದ ದೀಪದಂತೆ ಬಿತ್ತು. ಬೀದಿಯೆಲ್ಲ ನೋಡಿತು. ಕನ್ನಡಿ ಅಂಗಡಿಗೆ ವಾಪಸ್ಸಾಯಿತು, ಇಷ್ಟು ದಿನ ಕನ್ನಡಿ ಇಲ್ಲದೆ ಅಂಗಿ ತೊಟ್ಟು ನೋಡಿ ಹೋದ ಗಿರಾಕಿಗಳು ತಮ್ಮ ಅಂಗಿ ಸರಿಯಾಗಿದೆ ಎಂದೇ ನಂಬಿಕೊಂಡಿದ್ದರು.

ಆ ವರ್ಷ ಚಳಿ ಶುರುವಾಗುವಾಗ ಮಾಸ್ಟರ್ ಬಲಗೈ ಹೆಬ್ಬೆರಳು ಕೈಕೊಟ್ಟಿತು. ಮಡಿಸಿದರೆ ಬಿಚ್ಚಲೊಲ್ಲದು, ಎಡಗೈಯಲ್ಲಿ ಎಳೆದರೆ ಟಕ್ ಎಂದು ಸದ್ದು ಮಾಡಿ ನೆಟ್ಟಗಾಗುವುದು. ಜೀವನವಿಡೀ ದೊಡ್ಡ ಕತ್ತರಿ ಹಿಡಿದವರಿಗೆ ಹೀಗಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಸಣ್ಣ ಆಪರೇಷನ್ ಮಾಡಿ ಕಳಿಸಿದರು. ದಿನವೂ ಪಟ್ಟಿ ಬದಲಾಯಿಸಲು ಬರುತ್ತಿದ್ದದ್ದು ಪಕ್ಕದ ಮನೆಯ ನರ್ಸಮ್ಮ. ಕೆಲಸದಿಂದ ನಿವೃತ್ತಿಯಾಗಿದ್ದರೂ ಆಕೆಯ ಕೈ ನಿವೃತ್ತಿಯಾಗಿರಲಿಲ್ಲ.

"ಮಾಸ್ಟರ್ರೇ, ಬೇಸಿಗೆ ತನಕ ಕತ್ತರಿ ಮುಟ್ಟಂಗಿಲ್ಲ. ಬಟ್ಟೆದೂ ಇಲ್ಲ, ಗಿಡದ್ದೂ ಇಲ್ಲ. ಮುಟ್ಟಿದ್ರೋ, ಈ ಹೆಬ್ಬೆರಳನ್ನ ಫೋಟೋ ಹಾಕ್ಸಿ ಗೋಡೆಗೆ ತೂಗ್ಹಾಕ್ಬೇಕಾಗುತ್ತೆ."

"ಗಿಡದ ಕೆಲಸ ನಿಂತ್ಬಿಡುತ್ತಲ್ಲ ಸಿಸ್ಟರ್!"

"ನಿಲ್ಲಲಿ ಬಿಡಿ."

ಮಾಸ್ಟರ್ ಹೆಂಡತಿಗೆ ಹೇಳಿದರು. ಹೆಂಡತಿ "ನಾಳೆ" ಎಂದಳು. ಮರುದಿನ ಹೇಳಿದರೆ ಕಾಜಾ ರಾಶಿ ಬಿದ್ದಿದೆ ಎಂದಳು. ಆಕೆ ಎಷ್ಟೆಂದರೂ ಆ ಸೋಮಾರಿ ಚಿಕ್ಕಮ್ಮನ ಅಕ್ಕನ ಮಗಳು. ಚಳಿಗಾಲ ಮುಗಿಯಿತು, ಗಿಡ ಚಿಗುರಿತು, ಕತ್ತರಿ ಮೊಳೆಯಲ್ಲೇ ತೂಗುತ್ತಿತ್ತು.

ಕತ್ತರಿ ಇಲ್ಲದ ಕೈ ಸುಮ್ಮನಿದ್ದರೂ ಬಾಯಿ ಸುಮ್ಮನಿರಬೇಕಲ್ಲ. ಕೆಲಸವಿಲ್ಲದೆ ಕೂತ ಮಾಸ್ಟರ್ ಮರದ ವಿಷಯವನ್ನು ಸಂಘಕ್ಕೆ ತಂದರು. ಅಧ್ಯಕ್ಷರ ಮನೆಯ ಕಾರ್ ಶೆಡ್ಡಿನಲ್ಲಿ ಸಭೆ ಸೇರಿತು. ಮಾಸ್ಟರ್ ಪಟ್ಟಿ ಕಟ್ಟಿದ ಕೈಯೆತ್ತಿ, ಆ ಮರ ಒಂದು ಮನೆಯ ಹೂವನ್ನು ಮಾತ್ರವಲ್ಲ, ಇಡೀ ಬೀದಿಯ ಬೆಳಕನ್ನು ನುಂಗುತ್ತಿದೆ ಎಂದರು. ಉದ್ಯಾನ ಸಲಹೆಗಾರರ ಮನೆಯಲ್ಲೇ ಗುಲಾಬಿ ಅರಳದಿದ್ದರೆ ಸಂಘದ ಮಾನ ಎಲ್ಲಿ ಉಳಿಯಿತು ಎಂದು ಕೇಳಿದರು. ಹೀಗೆ ಕೇಳುತ್ತ ಒಬ್ಬೊಬ್ಬರ ಹೊಟ್ಟೆಯ ಮೇಲೂ ಕಣ್ಣಾಡಿಸಿದರು. ಎಲ್ಲರೂ ಉಸಿರು ಒಳಗೆಳೆದುಕೊಂಡರು, ಎಲ್ಲರ ಕೈಯೂ ಮೇಲೆದ್ದಿತು.

ಮರ ನರ್ಸಮ್ಮನ ಕಾಂಪೌಂಡಿನೊಳಗೆ ಇದ್ದದ್ದರಿಂದ ಆಕೆಯ ಒಪ್ಪಿಗೆ ಬೇಕಿತ್ತು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಆಕೆ ಎದ್ದು ನಿಂತಳು. ಜಗಳಕ್ಕೆ ಸಿದ್ಧವಾಗಿ ಬಂದಿದ್ದ ಮಾಸ್ಟರ್ ಎದೆ ಸೆಟೆಸಿದರು.

"ನನಗೆ ಮೊದಲಿಂದ ನೈಟ್ ಡ್ಯೂಟಿನೇ ಜಾಸ್ತಿ" ಎಂದಳು ನರ್ಸಮ್ಮ. "ಹಗಲು ಮಲಗ್ಬೇಕು, ಕಿಟಕೀಲಿ ಬಿಸಿಲು ಹೊಡೆಯೋದು. ಪರದೆ ಹಾಕಿದ್ರೆ ಸೆಕೆ. ಅದಕ್ಕೇ ನಮ್ಮನೆಯವರು ಅದನ್ನ ಕಿಟಕಿ ಎದುರಿಗೆ ನೆಟ್ರು, ನೆರಳಿಗೇ ಅಂತ. ಅವರು ಹೋಗಿ ಎಷ್ಟೋ ಕಾಲ ಆಯ್ತು. ನನಗೆ ಈಗ್ಲೂ ರಾತ್ರಿ ನಿದ್ದೆ ಬರಲ್ಲ, ಮಧ್ಯಾಹ್ನ ಆ ನೆರಳು ಬಿದ್ಮೇಲೇ ಬರೋದು. ಆದ್ರೆ ಮಾಸ್ಟರ್ ಹೆಂಡ್ತಿ ಆರು ವರ್ಷದಿಂದ ಆ ಗಿಡಾನ ನೋಡ್ಕೊಂಡು ಕೂತಿರೋದು ನಾನೂ ನೋಡಿದೀನಿ. ಅವಳ ಹೂವಿಗೆ ನನ್ನ ಮರ ಅಡ್ಡ ಆಗಿದ್ರೆ, ಕಡೀರಿ. ಒಂದೇ ಮಾತು, ಈಗ ಮೇಲುಗಡೆ ಹಕ್ಕಿ ಗೂಡು ಕಟ್ಟಿದೆ. ಮರಿ ಹಾರಿ ಹೋಗೋ ತನಕ ತಡೀರಿ."

ಸಭೆ ತಲೆದೂಗಿತು. ಆಕೆ ಜಗಳವಾಡಿದ್ದರೆ ಮಾಸ್ಟರ್ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು. ಮನೆಗೆ ಬಂದು ಹೇಳಿದಾಗ ಹೆಂಡತಿ, "ನನ್ನ ಹೆಸರು ಹೇಳಿ ಅಕ್ಕನ ಮರ ಕಡಿಸ್ತೀರಾ? ನನ್ನನ್ನ ಒಂದು ಮಾತು ಕೇಳಿದ್ರಾ?" ಎಂದಳು. ಮಾಸ್ಟರ್, ಸಂಘದ ತೀರ್ಮಾನ ಎಂದರು. ಆಕೆ ಆ ರಾತ್ರಿ ದಾರ ಕಡಿದ ಸದ್ದು ಪಕ್ಕದ ಕೋಣೆಗೂ ಕೇಳಿಸಿತು.

ಕೆಲವು ವಾರಗಳು ಕಳೆದವು. ಒಂದು ಬೆಳಗ್ಗೆ ಮಾಸ್ಟರ್ ಹಲ್ಲುಜ್ಜುತ್ತ ಪಟ್ಟಿ ನೆಲದ ಕಡೆ ಹೋದರು. ಕತ್ತರಿ ಕಾಣದ ಗಿಡ ಕಾಂಪೌಂಡಿನ ಮೇಲೆ ಮೊಣಕೈ ಊರಿ, ಕಿಟಕಿಯನ್ನು ಅರ್ಧ ಮುಚ್ಚಿ, ನೋಡಲಾಗದಷ್ಟು ಅಂಕೆಮೀರಿ ಬೆಳೆದಿತ್ತು. ಥೂ ಎಂದು ಮುಖ ಸಿಂಡರಿಸಿದವರು ಹಾಗೆಯೇ ನಿಂತರು. ಬಗ್ಗಿದ ಕೊಂಬೆಗಳ ಉದ್ದಕ್ಕೂ, ಗೇಣಿಗೊಂದರಂತೆ ಚಿಕ್ಕ ಚಿಕ್ಕ ರೆಂಬೆ, ಪ್ರತಿ ರೆಂಬೆಯ ತುದಿಗೂ ಮೊಗ್ಗಿನ ಗೊಂಚಲು. ಒಂದು ಮೊಗ್ಗು ಆಗಲೇ ಬಾಯಿ ಬಿಟ್ಟಿತ್ತು. ಒಳಗೆ ಬಿಳುಪಿಗೆ ಒಂದು ಹನಿ ಗುಲಾಬಿ ಬಣ್ಣ ಬೆರೆಸಿದಂಥ ದಳಗಳು. ಮಾಸ್ಟರ್ ಕಣ್ಣಲ್ಲಿ ನೀರು ಬಂತು. ಪೇಸ್ಟಿನ ನೊರೆ ಗದ್ದಕ್ಕೆ ಇಳಿಯುತ್ತಿದ್ದರೂ ಅವರಿಗೆ ಪರಿವೆ ಇರಲಿಲ್ಲ. ಆರು ವರ್ಷ ಕಾದ ಹೂವು ಅದು, ಅವರಿಗೆ ನಿಜವಾಗಿ ಸಂತೋಷವಾಯಿತು.

ಸಂತೋಷ ಬಾಯಿ ಮುಕ್ಕಳಿಸುವವರೆಗೂ ಉಳಿಯಲಿಲ್ಲ. ಮಾಸ್ಟರ್ ಎಷ್ಟೆಂದರೂ ಕಸುಬಿನವರು, ಒಂದು ಅಂಗಿಯನ್ನು ನೋಡಿದರೆ ಯಾವ ತುಂಡು ಎಲ್ಲಿಂದ ಬಂತೆಂದು ಹೇಳಬಲ್ಲವರು. ಅವರ ಕಣ್ಣು ಹೂವಿನಿಂದ ರೆಂಬೆಗೆ, ರೆಂಬೆಯಿಂದ ಕೊಂಬೆಗೆ ಇಳಿಯಿತು. ಈ ವರ್ಷದ ಹೊಸ ಚಿಗುರಿನಲ್ಲಿ ಒಂದು ಮೊಗ್ಗೂ ಇರಲಿಲ್ಲ. ಮೊಗ್ಗೆಲ್ಲ ಹೋದ ವರ್ಷದ ಹಳೆಯ ಕೊಂಬೆಯ ಮೇಲೆ, ಅದೂ ಮೊಳಕಾಲಿಗಿಂತ ಮೇಲೆ. ಅಂದರೆ ಪ್ರತಿ ಚಳಿಗಾಲದಲ್ಲಿ ಟೇಪು ಹಿಡಿದು, ಗೆರೆ ಎಳೆದು, ಅವರು ಅಚ್ಚುಕಟ್ಟಾಗಿ ಕತ್ತರಿಸಿ ಬಿಸಾಡುತ್ತಿದ್ದದ್ದು ಮುಂದಿನ ಬೇಸಿಗೆಯ ಹೂವನ್ನೇ. ಅಧ್ಯಕ್ಷರ ಮನೆಯ ಗುಲಾಬಿಯ ಜಾತಿ ಬೇರೆ, ಇದರ ಜಾತಿ ಬೇರೆ. ಮೇಲೆ ಮರ ಎಂದಿನಂತೆ ನೆರಳು ಚೆಲ್ಲುತ್ತಿತ್ತು. ಗಿಡಕ್ಕೆ ಅದರಿಂದ ಒಂದಿಷ್ಟೂ ತೊಂದರೆಯಿದ್ದಂತೆ ಕಾಣಲಿಲ್ಲ.

ಮಾಸ್ಟರ್ ಕೂಡಲೇ ಬೀದಿಯ ಕಡೆ ತಿರುಗಿ ನೋಡಿದರು. ಈ ಹೂವನ್ನು ಯಾರಾದರೂ ನೋಡಿದರೆ ಮರ ಉಳಿಯುತ್ತದೆ, ಅವರ ಮಾತು ಹೋಗುತ್ತದೆ. ನೋಡದಿದ್ದರೆ ಅವರ ಮಾತು ಉಳಿಯುತ್ತದೆ, ಮರ ಹೋಗುತ್ತದೆ, ಅದರ ಜೊತೆಗೆ ನರ್ಸಮ್ಮನ ನಿದ್ದೆಯೂ. ಯೋಚಿಸಲು ಅವರಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಅಂಗಡಿಗೆ ಹೋಗಿ ಕೋಟಿನ ಒಳಗೆ ಹಾಕುವ ಕಪ್ಪು ಲೈನಿಂಗ್ ಬಟ್ಟೆಯ ಒಂದು ಇಡೀ ಥಾನು ತಂದು, ಗಿಡದ ತಲೆಯಿಂದ ಬುಡದವರೆಗೆ ಹೊದಿಸಿ, ಎಡಗೈಯಲ್ಲೇ ಪಿನ್ನು ಚುಚ್ಚಿದರು.

"ಅದೇನ್ರೀ ಅದು?" ಎಂದಳು ಕಿಟಕಿಯಿಂದ ಹೆಂಡತಿ.

"ಹುಳ ಬಿದ್ದಿದೆ."

ಹೆಂಡತಿ ಕಿಟಕಿಯಿಂದ ಕೈ ಹಾಕಿ, ಬಟ್ಟೆಯ ಅಂಚು ಸರಿಸಿ, ಒಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅಂಚನ್ನು ಇದ್ದ ಹಾಗೆಯೇ ಬಿಟ್ಟು, ಸೂಜಿಗೆ ದಾರ ಪೋಣಿಸಲು ಕೂತಳು. ಮೂರು ಸಲ ಪ್ರಯತ್ನಿಸಿದರೂ ದಾರ ಹೋಗಲಿಲ್ಲ.

ಬಣ್ಣವನ್ನು ಮುಚ್ಚಬಹುದು, ಪರಿಮಳಕ್ಕೆ ಯಾವ ಲೈನಿಂಗ್ ಹಾಕುವುದು? ಗಿಡ ಒಳಗೊಳಗೇ ಅರಳಿತು. ಮೊದಲು ಕಿಟಕಿಯ ಹತ್ತಿರ, ಆಮೇಲೆ ಗೇಟಿನ ಹತ್ತಿರ, ಕೊನೆಗೆ ಬೀದಿಯಲ್ಲೆಲ್ಲ ತಿಳಿಯಾದ ಸಿಹಿ ವಾಸನೆ. ವಾಕಿಂಗ್ ಬಂದ ಅಧ್ಯಕ್ಷರು ಮೂಗು ಮೇಲೆ ಮಾಡಿ, "ಮಾಸ್ಟರ್ರೇ, ಏನೋ ಘಮ್ ಅಂತಿದೆಯಲ್ಲ" ಎಂದರು. "ಹುಳದ ಔಷಧಿ" ಎಂದರು ಮಾಸ್ಟರ್. "ಒಳ್ಳೆ ಔಷಧಿ! ನಮ್ಮ ಮನೆಗೂ ಒಂದು ಬಾಟ್ಲಿ ಕೊಡಿ" ಎಂದು ಅಧ್ಯಕ್ಷರು ಎರಡು ಸಲ ಉಸಿರೆಳೆದುಕೊಂಡು ಹೋದರು.

ಹಕ್ಕಿಮರಿಗಳು ಹಾರಿಹೋದವು. ಮಾತಿಗೆ ತಪ್ಪದ ನರ್ಸಮ್ಮ ತಾನೇ ಬಂದು ತಿಳಿಸಿದಳು. ಮರ ಕಡಿಯುವವರು ಬರುವುದು ಮರುದಿನ ಎಂದು ಗೊತ್ತಾಯಿತು. ಸಂಜೆ ಮಾಸ್ಟರ್ ಮೊಳೆಯಿಂದ ಗಿಡದ ಕತ್ತರಿ ತೆಗೆದು ಹೆಂಡತಿಯ ಮುಂದೆ ಹಿಡಿದರು.

"ನೋಡು, ನನ್ನ ಹೆಬ್ಬೆರಳು ಇನ್ನೂ ಆಡಲ್ಲ. ನಾಳೆ ಜನ ಸೇರ್ತಾರೆ. ಬೆಳಗ್ಗೆ ಬೇಗ ಎದ್ದು ಇದಿಷ್ಟನ್ನೂ ಮೊಳಕಾಲಿಗೆ ಇಳಿಸ್ಬಿಡು. ಮರ ಹೋದ್ಮೇಲೆ, ಮುಂದಿನ ವರ್ಷ ಮತ್ತೆ ಬಿಟ್ಟೇ ಬಿಡುತ್ತೆ. ಆಗ ಎಲ್ಲರೂ ನೋಡ್ಲಿ."

ಹೆಂಡತಿ ಕತ್ತರಿ ತೆಗೆದುಕೊಂಡಳು. ಮಾಸ್ಟರಿಗೆ ಹೋದ ಜೀವ ಬಂದಂತಾಯಿತು.

ಬೆಳಗ್ಗೆ ಗರಗಸ, ಹಗ್ಗ, ಏಣಿ ಹಿಡಿದು ಮೂವರು ಬಂದರು. ಹಿಂದೆ ಅಧ್ಯಕ್ಷರು, ಅವರ ಹಿಂದೆ ಅರ್ಧ ಬೀದಿ. ನರ್ಸಮ್ಮ ಕಾಂಪೌಂಡಿನ ಮೇಲಿನಿಂದ ಕೆಲಸದವರಿಗೆ ಟೀ ಲೋಟ ಕೊಡುತ್ತಿದ್ದಳು. ತನ್ನ ಮರ ಕಡಿಯಲು ಬಂದವರಿಗೆ ಟೀ ಕೊಡುವ ಹೆಂಗಸಿನ ಮುಖ ನೋಡಲಾಗದೆ ಮಾಸ್ಟರ್ ತಮ್ಮ ಚಪ್ಪಲಿ ನೋಡುತ್ತ ನಿಂತರು. ಅಷ್ಟರಲ್ಲಿ ಹೆಂಡತಿ ಕತ್ತರಿ ಹಿಡಿದು ಬಂದಳು. ಬಂದವಳೇ ಬಟ್ಟೆಯನ್ನು ಮೇಲಿನಿಂದ ಕೆಳಗಿನವರೆಗೆ ಕರ್ರನೆ ಸೀಳಿದಳು. ಥಾನು ಎರಡು ಹೋಳಾಗಿ ನೆಲಕ್ಕೆ ಬಿತ್ತು.

ಬೀದಿಗೆ ಬೀದಿಯೇ 'ಹಾ' ಎಂದಿತು. ಎಲೆ ಕಾಣುತ್ತಿರಲಿಲ್ಲ. ಚಿಕ್ಕಮ್ಮನ ವಿಷಯದಲ್ಲಿ ಹೆಂಡತಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕಾಂಪೌಂಡಿನ ಮೇಲೆ, ಕಿಟಕಿಯ ಸರಳಿನ ಒಳಗೆ, ಪಾಚಿಗೋಡೆಯ ತುಂಬ ಹೂವು. ನರ್ಸಮ್ಮನ ಕೈಯ ಲೋಟ ಓರೆಯಾಗಿ ಟೀ ಚೆಲ್ಲಿತು.

"ಇವಾಗ ಗೊತ್ತಾಯ್ತು ಔಷಧಿ" ಎಂದರು ಅಧ್ಯಕ್ಷರು.

ಮಾಸ್ಟರ್ ತಲೆ ತಗ್ಗಿಸಿದರು. ಆದರೆ ಬೀದಿಯ ಜನ ಅವರನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವವರಲ್ಲ. ಯಾರೋ ಒಬ್ಬರು, ಮಾಸ್ಟರ್ ಆರು ವರ್ಷ ಹಾಕಿದ ಶ್ರಮ ಈಗ ಫಲ ಕೊಟ್ಟಿತು ಎಂದರು. ಇನ್ನೊಬ್ಬರು, ಸಂಘದ ತೀರ್ಮಾನ ಕೇಳಿಯೇ ಗಿಡಕ್ಕೆ ಹುರುಪು ಬಂದಿದೆ ಎಂದರು. ಅಧ್ಯಕ್ಷರು ಎಲ್ಲರನ್ನೂ ಸುಮ್ಮನಿರಿಸಿ, ಗಂಟಲು ಸರಿಮಾಡಿಕೊಂಡರು.

"ಇದರಿಂದ ನಮ್ಮ ತೀರ್ಮಾನ ಎಷ್ಟು ಸರಿ ಅಂತ ಗೊತ್ತಾಗುತ್ತೆ. ಮರ ಇದ್ದೇ ಇಷ್ಟು ಹೂ ಬಿಡೋ ಗಿಡ, ಮರ ಹೋದ್ರೆ ಇನ್ನೆಷ್ಟು ಬಿಡಬೇಡ! ಯೋಚನೆ ಮಾಡಿ. ಹ್ಞಾ, ಹತ್ತಪ್ಪಾ ಏಣಿ."

ಈ ಮಾತನ್ನು ಎಲ್ಲೋ ಕೇಳಿದಂತಿದೆಯಲ್ಲ ಎಂದು ಮಾಸ್ಟರಿಗೆ ಅನ್ನಿಸಿತು. ಕತ್ತರಿಯ ವಿಷಯದಲ್ಲಿ ಹೆಂಡತಿಗೆ ತಾವೇ ಹೇಳಿದ ಮಾತು ಅದು ಎಂದು ಹೊಳೆಯಿತು. ಅವರ ಮಾನ ಉಳಿದಿತ್ತು. ಜನ ಅದನ್ನು ಇಸ್ತ್ರಿ ಮಾಡಿ, ಮಡಚಿ, ಕೈಗೇ ಕೊಟ್ಟಿದ್ದರು. ಏಣಿ ಮರಕ್ಕೆ ಒರಗಿತು. ಕೆಲಸದವನು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ಯಾವ ಕೊಂಬೆಯಿಂದ ಶುರು ಮಾಡಲಿ ಎಂದು ಕೇಳಿದ. ನರ್ಸಮ್ಮ ತೋರಿಸಲು ಕೈಯೆತ್ತಿದಳು. ಆ ಕೈ ಪ್ರತಿದಿನ ತಮ್ಮ ಹೆಬ್ಬೆರಳಿಗೆ ಪಟ್ಟಿ ಕಟ್ಟಿದ ಕೈ, ಈ ಹೂವು ಆಕೆ ಕತ್ತರಿ ಕಿತ್ತುಕೊಂಡದ್ದರಿಂದ ಬಂದ ಹೂವು ಎಂಬುದನ್ನು ಮಾಸ್ಟರ್ ಹೇಗೆ ಮರೆಯಬೇಕು? ಹೆಂಡತಿ ತಮ್ಮ ಕಡೆಯೇ ನೋಡುತ್ತಿದ್ದಳು. ಹಾಗೆ ನೋಡುವಾಗ ಆಕೆ ಸಾಮಾನ್ಯವಾಗಿ ಹರಿದ ಕಾಲರನ್ನು ಹೊಲಿಯಬಹುದೋ, ಬಿಸಾಡಬೇಕೋ ಎಂದು ತೂಗುತ್ತಿರುತ್ತಾಳೆ.

"ಇಳೀಯಪ್ಪ" ಎಂದರು ಮಾಸ್ಟರ್. ಕೆಲಸದವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದರು. "ಇಳಿ ಕೆಳಗೆ. ಮರದ್ದೇನೂ ತಪ್ಪಿಲ್ಲ. ಈ ಗಿಡ ಹೂ ಬಿಡೋದು ಹಳೆ ಕೊಂಬೇಲಿ. ನಾನು ಪ್ರತಿ ವರ್ಷ ಅದನ್ನೇ ಕತ್ತರಿಸ್ತಿದ್ದೆ. ಈ ಸಲ ಸಿಸ್ಟರ್ ಬೇಡ ಅಂದ್ರು, ಕತ್ತರಿಸಲಿಲ್ಲ, ಬಂತು. ನಾನು... ನಾನು ಕತ್ತರಿಸಿದ್ದು ತಪ್ಪು."

ಕೆಲಸದವನು ಕಾಲು ಕೆಳಗಿಟ್ಟ. ನರ್ಸಮ್ಮ ಎತ್ತಿದ ಕೈಯನ್ನು ಹಾಗೆಯೇ ಮರದ ಕಾಂಡಕ್ಕೆ ಊರಿ ನಿಂತಳು. ಮಾಸ್ಟರ್ ಬಾಯಲ್ಲಿ 'ತಪ್ಪು' ಎಂಬ ಮಾತು 'ನಾನು' ಎಂಬ ಮಾತಿನ ಜೊತೆಯಲ್ಲಿ ಬಂದದ್ದನ್ನು ಅಲ್ಲಿದ್ದ ಯಾರೂ ಹಿಂದೆ ಕೇಳಿರಲಿಲ್ಲ. ಹೆಂಡತಿ ಒಂದು ಗೊಂಚಲು ಹೂ ಕತ್ತರಿಸಿ, ಕಾಂಪೌಂಡಿನ ಮೇಲಿನಿಂದ ಚಾಚಿ, "ಅಕ್ಕಾ, ತಗೊಳ್ಳಿ. ಹೋಗಿ ಮಲಗಿ" ಎಂದಳು. ನರ್ಸಮ್ಮ ಹೂವು ತೆಗೆದುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಅಲ್ಲಿಗೆ ಮುಗಿಯಿತು ಎಂದುಕೊಂಡು ಮಾಸ್ಟರ್ ಮನೆಯ ಕಡೆ ತಿರುಗಿದರು. ಅಧ್ಯಕ್ಷರು ಮಾತ್ರ ಇದ್ದಲ್ಲೇ ನಿಂತಿದ್ದರು. ಅವರ ಹಣೆಯ ಮೇಲೆ ಮೂರು ಗೆರೆ ಮೂಡಿದ್ದವು.

"ಮಾಸ್ಟರ್ರೇ, ಒಂದು ನಿಮಿಷ" ಎಂದರು ಮೆಲ್ಲಗೆ. "ಹಾಗಾದ್ರೆ... ನನ್ನ ಕೋಟು?"

ಮಾಸ್ಟರ್ ಕೈ ಅಭ್ಯಾಸಬಲದಿಂದ ಕುತ್ತಿಗೆಯ ಟೇಪಿನ ಕಡೆ ಹೋಯಿತು. ಆಮೇಲೆ ಅದನ್ನು ಕುತ್ತಿಗೆಯಿಂದ ತೆಗೆದರು.

"ನೀವು ಅವತ್ತೂ ದಪ್ಪ ಇರ್ಲಿಲ್ಲ" ಎಂದರು. "ಬಟ್ಟೆ ಕಮ್ಮಿ ಹಿಡಿದುಬಿಟ್ಟಿದ್ದೆ."

ಅಧ್ಯಕ್ಷರು ಸೀಳಿದ ಲೈನಿಂಗ್ ಬಟ್ಟೆಯ ಮೇಲೆ ಕುಸಿದು ಕೂತರು. "ಅಷ್ಟು ವರ್ಷ ಸೌತೆಕಾಯಿ ತಿಂದೆನಲ್ಲ" ಎಂದರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟವಾಗಿತ್ತು. ಯಾರೂ ಮನೆಗೆ ಹೋಗಲಿಲ್ಲ. ಎಲ್ಲರೂ ತಮ್ಮ ತಮ್ಮ ಅಂಗಿಯ ತೋಳು, ಪ್ಯಾಂಟಿನ ಅಂಚು ನೋಡಿಕೊಳ್ಳುತ್ತಿದ್ದರು. ಗುಂಪಿನ ಹಿಂದೆ ನಿಂತಿದ್ದ ಒಬ್ಬ ಹಿರಿಯರು, ಎಷ್ಟೋ ವರ್ಷಗಳಿಂದ ಏರಿಸಿಕೊಂಡೇ ನಡೆಯುತ್ತಿದ್ದ ತಮ್ಮ ಬಲ ಹೆಗಲನ್ನು ಮೆಲ್ಲಗೆ ಕೆಳಗಿಳಿಸಿದರು.